ಕೋಡ್‌ಬೇಸ್‌ನೊಳಗೆ ಮೈಕ್ರೋಸರ್ವೀಸ್ ಆಗಬಲ್ಲ ಭಾಗಗಳನ್ನು ಹುಡುಕುವುದು ಹೇಗೆ

ಹಳೆಯ ಮೋನೊಲಿತ್ (ಎಲ್ಲ ಕೆಲಸವೂ ಒಂದೇ ಪ್ರೋಗ್ರಾಂನಲ್ಲಿರುವ ಸಿಸ್ಟಮ್) ಒಡೆದು ಮೈಕ್ರೋಸರ್ವೀಸ್‌ಗಳನ್ನು, ಅಂದರೆ ಬೇರೆಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಂಗಳನ್ನು, ಮಾಡೋಣ ಅಂತ ತೀರ್ಮಾನವಾದ ಕೂಡಲೇ ಹೆಚ್ಚಿನ ಟೀಮ್‌ಗಳು ವೈಟ್‌ಬೋರ್ಡ್ ಮುಂದೆ ಸೇರುತ್ತವೆ. ‘ಯೂಸರ್’, ‘ಪೇಮೆಂಟ್’, ‘ಬುಕಿಂಗ್’ ಅಂತ ನಾಲ್ಕಾರು ಚೌಕ ಬರೆದು ನಡುವೆ ಬಾಣ ಎಳೆಯುತ್ತಾರೆ. ಅರ್ಧ ಗಂಟೆಯಲ್ಲಿ ಚಿತ್ರ ರೆಡಿ. ಆದರೆ ಅಷ್ಟು ಹೊತ್ತಿನಲ್ಲಿ ಯಾರೂ ಕೋಡ್ ತೆರೆದು ನೋಡಿರುವುದಿಲ್ಲ. ಯಾವ ಭಾಗ ಬೇರೆಯಾಗಬಲ್ಲದು, ಯಾವುದು ಆಗಲಾರದು ಅನ್ನೋದಕ್ಕೆ ಉತ್ತರ ಇರುವುದು ಕೋಡ್‌ನಲ್ಲೇ. ಅದರಲ್ಲೂ ಎರಡು ಜಾಗದಲ್ಲಿ ಜಾಸ್ತಿ ಸಿಗುತ್ತದೆ: ಯಾವ ಟೇಬಲ್‌ಗೆ ಯಾರು ಬರೆಯುತ್ತಾರೆ, ಯಾವ ಫೈಲ್‌ಗಳು ಯಾವಾಗಲೂ ಜೊತೆಗೇ ಬದಲಾಗುತ್ತವೆ. ಫೋಲ್ಡರ್‌ಗಳ ಹೆಸರನ್ನೇ ನಂಬಿ ಹೊರಟರೆ ದಾರಿ ತಪ್ಪುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಟಿಕೆಟ್ ಬುಕಿಂಗ್ ಅಪ್ಲಿಕೇಶನ್ ಇದೆ ಅಂದುಕೊಳ್ಳೋಣ. ಸೀಟ್ ಹುಡುಕುವುದು, ದರ ಲೆಕ್ಕ, ಬುಕಿಂಗ್, ಪಾವತಿ, ರೀಫಂಡ್, ಎಸ್‌ಎಂಎಸ್ ಮತ್ತು ಇಮೇಲ್ ಕಳಿಸುವುದು, ವರದಿಗಳು, ಎಲ್ಲವೂ ಒಂದೇ ಕೋಡ್‌ಬೇಸ್, ಒಂದೇ ಡೇಟಾಬೇಸ್. ಕೆಳಗೆ ಬರುವ ಎಣಿಕೆಗಳು ಈ ಕಲ್ಪಿತ ಅಪ್ಲಿಕೇಶನ್‌ನವು.

ಮೊದಲು ತೊಂದರೆ ಏನು ಅಂತ ಬರೆಯಿರಿ

ಒಂದು ಹಾಳೆಯಲ್ಲಿ ಬರೆದರೆ ಸಾಕು. ಒಂದು ಟೀಮಿನ ಸಣ್ಣ ಬದಲಾವಣೆ ಇನ್ನೊಂದು ಟೀಮಿನ ಟೆಸ್ಟ್ ಮುಗಿಯುವವರೆಗೆ ಕಾಯಬೇಕಾ? ಒಂದು ಭಾಗಕ್ಕೆ ಮಾತ್ರ ಲೋಡ್ ಜಾಸ್ತಿಯಾಗಿ, ಅದಕ್ಕಾಗಿ ಇಡೀ ಅಪ್ಲಿಕೇಶನ್‌ನ ಹತ್ತು ಪ್ರತಿ ಓಡಿಸುತ್ತಿದ್ದೀರಾ? ವರದಿ ಮಾಡ್ಯೂಲ್ ಮೆಮೊರಿ ತಿಂದು ಬುಕಿಂಗ್ ಅನ್ನೂ ಮಲಗಿಸುತ್ತಾ? ಕಾರ್ಡ್ ಮಾಹಿತಿ ಮುಟ್ಟುವ ಕೋಡ್ ಎಲ್ಲೆಲ್ಲೋ ಹರಡಿದ್ದರಿಂದ ಪಿಸಿಐ ಡಿಎಸ್‌ಎಸ್ (ಕಾರ್ಡ್ ಮಾಹಿತಿಯ ಸುರಕ್ಷತಾ ನಿಯಮಗಳು) ಆಡಿಟ್ ಇಡೀ ಸಿಸ್ಟಮ್‌ಗೆ ಬರುತ್ತಾ?

ಒಂದೊಂದು ತೊಂದರೆಗೂ ನೋಡಬೇಕಾದ ಸಾಕ್ಷಿ ಬೇರೆ. ಡಿಪ್ಲಾಯ್ ಕಾಯುವಿಕೆಗೆ ಗಿಟ್ ಇತಿಹಾಸ (ಕೋಡ್ ಬದಲಾವಣೆಗಳ ದಾಖಲೆ), ಲೋಡ್‌ಗೆ ಮಾನಿಟರಿಂಗ್ ಅಂಕಿಅಂಶ, ಆಡಿಟ್‌ಗೆ ಡೇಟಾ ಹರಿಯುವ ದಾರಿ. ಹಾಳೆಯಲ್ಲಿ ‘ಬಿಲ್ಡ್ ನಿಧಾನ’, ‘ಕ್ವೆರಿ ನಿಧಾನ’ ಅಂತ ಮಾತ್ರ ಇದ್ದರೆ ಇಲ್ಲಿಗೇ ನಿಲ್ಲಿಸಿ. ಬಿಲ್ಡ್ ಕ್ಯಾಶ್, ಇಂಡೆಕ್ಸ್ ಇವುಗಳಿಂದ ಆಗುವ ಕೆಲಸಕ್ಕೆ ಸರ್ವೀಸ್ ಬೇಕಿಲ್ಲ.

ಒಳಗೆ ಬರುವ ಬಾಗಿಲುಗಳ ಪಟ್ಟಿ ಮಾಡಿ

ಎಚ್‌ಟಿಟಿಪಿ ರೂಟ್‌ಗಳು ಸುಲಭವಾಗಿ ಸಿಗುತ್ತವೆ. ಹೆಚ್ಚಿನ ಫ್ರೇಮ್‌ವರ್ಕ್‌ಗಳಲ್ಲಿ ಅವನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಕಮಾಂಡ್ ಇರುತ್ತದೆ. ಆಮೇಲೆ ಕ್ಯೂನಿಂದ ಮೆಸೇಜ್ ಓದುವ ಕೋಡ್, ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಜಾಬ್‌ಗಳು, ಕೈಯಾರೆ ಓಡಿಸುವ ಸ್ಕ್ರಿಪ್ಟ್‌ಗಳನ್ನು ಸೇರಿಸಿ.

ಎಲ್ಲರೂ ಮರೆಯುವ ಬಾಗಿಲು ಒಂದಿದೆ: ಹೊರಗಿನವರು ನೇರವಾಗಿ ಡೇಟಾಬೇಸ್ ಓದುವುದು. ಲೆಕ್ಕಪತ್ರದವರ ಎಕ್ಸೆಲ್ ಶೀಟ್ ಯಾವುದೋ ಟೇಬಲ್‌ಗೆ ಜೋಡಿಸಿರುತ್ತದೆ. ಡ್ಯಾಶ್‌ಬೋರ್ಡ್ ಟೂಲ್ ಒಂದು ವ್ಯೂ ಓದುತ್ತಿರುತ್ತದೆ. ಇವು ನಿಮ್ಮ ಕೋಡ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಡೇಟಾಬೇಸ್‌ಗೆ ಯಾವ ಯಾವ ಯೂಸರ್ ಹೆಸರಿನಲ್ಲಿ, ಯಾವ ಮಶೀನ್‌ಗಳಿಂದ ಕನೆಕ್ಷನ್ ಬರುತ್ತಿದೆ ಅಂತ ಒಂದು ತಿಂಗಳ ಲಾಗ್ ನೋಡಿ. ಒಂದು ವಾರ ಸಾಲದು, ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಕೆಲಸಗಳು ತಪ್ಪಿಹೋಗುತ್ತವೆ.

ಯಾರು ಯಾರನ್ನು ಕರೆಯುತ್ತಾರೆ

ಇದಕ್ಕೆ ಟೂಲ್‌ಗಳಿವೆ. ಜಾವಾದಲ್ಲಿ ಜೆಡೆಪ್ಸ್ ಜೆಡಿಕೆ 8ರಿಂದಲೇ ಜೊತೆಗೆ ಬರುತ್ತದೆ. ಜಾವಾಸ್ಕ್ರಿಪ್ಟ್‌ಗೆ ಡಿಪೆಂಡೆನ್ಸಿ-ಕ್ರೂಸರ್, ಪೈಥಾನ್‌ಗೆ ಪೈಡೆಪ್ಸ್, ಡಾಟ್‌ನೆಟ್‌ಗೆ ಎನ್‌ಡಿಪೆಂಡ್. ಫೈಲ್ ಮಟ್ಟದಲ್ಲಿ ಗ್ರಾಫ್ ತೆಗೆದರೆ ಕಪ್ಪು ಉಂಡೆಯೊಂದು ಕಾಣಿಸುತ್ತದೆ ಅಷ್ಟೇ, ಏನೂ ತಿಳಿಯುವುದಿಲ್ಲ. ಮಾಡ್ಯೂಲ್ ಅಥವಾ ಪ್ಯಾಕೇಜ್ ಮಟ್ಟಕ್ಕೆ ಮಡಚಿ ನೋಡಿ.

ಒಂದೊಂದು ಮಾಡ್ಯೂಲ್‌ಗೂ ಎರಡು ಎಣಿಕೆ ಬೇಕು. ಇದನ್ನು ಎಷ್ಟು ಮಾಡ್ಯೂಲ್‌ಗಳು ಅವಲಂಬಿಸಿವೆ, ಇದು ಎಷ್ಟನ್ನು ಅವಲಂಬಿಸಿದೆ. ಹೊರಹೋಗುವ ಬಾಣಗಳನ್ನು ಒಟ್ಟು ಬಾಣಗಳಿಂದ ಭಾಗಿಸಿದರೆ ರಾಬರ್ಟ್ ಮಾರ್ಟಿನ್ ಹೇಳಿದ ಅಸ್ಥಿರತೆಯ ಅಳತೆ ಸಿಗುತ್ತದೆ. 1ರ ಹತ್ತಿರ ಇದ್ದರೆ ಅದನ್ನು ಹೆಚ್ಚು ಜನ ನಂಬಿಕೊಂಡಿಲ್ಲ, ಎತ್ತಿಟ್ಟರೆ ಬೇರೆಯವರಿಗೆ ಏಟು ಕಡಿಮೆ. 0ಯ ಹತ್ತಿರ ಇದ್ದರೆ ಎಲ್ಲರೂ ಅದರ ಮೇಲೆ ನಿಂತಿದ್ದಾರೆ ಅಂತ ಅರ್ಥ. ಈ ಸಂಖ್ಯೆಗಿಂತ ನಾನು ಜಾಸ್ತಿ ಬೆಲೆ ಕೊಡುವುದು ಸುತ್ತುಗಳಿಗೆ. ಬುಕಿಂಗ್ ಪಾವತಿಯನ್ನು ಕರೆಯುತ್ತದೆ, ಪಾವತಿ ರೀಫಂಡ್ ಅನ್ನು ಕರೆಯುತ್ತದೆ, ರೀಫಂಡ್ ಮತ್ತೆ ಬುಕಿಂಗ್ ಅನ್ನು ಕರೆಯುತ್ತದೆ. ಸುತ್ತಿನಲ್ಲಿರುವ ಮೂರನ್ನೂ ಸದ್ಯಕ್ಕೆ ಒಂದೇ ಭಾಗ ಅಂತ ಎಣಿಸಿ.

‘ಕಾಮನ್’, ‘ಯುಟಿಲ್ಸ್’ ಅನ್ನುವ ಫೋಲ್ಡರ್ ಸಿಕ್ಕರೆ ಒಳಗೆ ಇಣುಕಲೇಬೇಕು. ದಿನಾಂಕ ಫಾರ್ಮ್ಯಾಟ್ ಮಾಡುವ ಫಂಕ್ಷನ್ ಇದ್ದರೆ ಪರವಾಗಿಲ್ಲ, ಲೈಬ್ರರಿ ಮಾಡಬಹುದು. ಅದರ ಪಕ್ಕದಲ್ಲೇ ‘ಈ ಬುಕಿಂಗ್ ರದ್ದು ಮಾಡಬಹುದಾ’ ಅಂತ ತೀರ್ಮಾನಿಸುವ ಫಂಕ್ಷನ್ ಕೂತಿದ್ದರೆ ಅದು ವ್ಯವಹಾರದ ನಿಯಮ. ಮೊದಲು ಅದನ್ನು ಅದರ ಮನೆಗೆ ಕಳಿಸಿ, ಆಮೇಲೆ ಮತ್ತೆ ಗ್ರಾಫ್ ತೆಗೆಯಿರಿ.

ಈ ಟೂಲ್‌ಗಳ ಕಣ್ಣಿಗೆ ಬೀಳದ ಸಂಬಂಧಗಳೂ ಇವೆ. ರಿಫ್ಲೆಕ್ಷನ್, ಡಿಪೆಂಡೆನ್ಸಿ ಇಂಜೆಕ್ಷನ್, ಸೇವ್ ಆದ ಕೂಡಲೇ ತಾನಾಗಿ ಓಡುವ ಕಾಲ್‌ಬ್ಯಾಕ್, ಸ್ಟ್ರಿಂಗ್‌ನಲ್ಲಿ ಬರೆದ ಎಸ್‌ಕ್ಯೂಎಲ್, ಇವು ಗ್ರಾಫ್‌ನಲ್ಲಿ ಬರುವುದಿಲ್ಲ, ಬಂದರೂ ಅರ್ಧಂಬರ್ಧ. ಹಾಗಾಗಿ ಗ್ರಾಫ್ ಚೆನ್ನಾಗಿ ಕಂಡಿತು ಅಂತ ಇಲ್ಲೇ ತೀರ್ಮಾನ ಮಾಡಬೇಡಿ.

ಟೇಬಲ್‌ಗಳನ್ನು ಯಾರು ಮುಟ್ಟುತ್ತಾರೆ

ಸಮಯ ಕಡಿಮೆ ಇದ್ದರೆ ಉಳಿದ ಹಂತಗಳಲ್ಲಿ ಉಳಿಸಿ, ಇಲ್ಲಿ ಖರ್ಚು ಮಾಡಿ. ಕೋಡ್ ಬೇರೆ ಮಾಡುವುದು ಕಷ್ಟವೇನಲ್ಲ. ಬೆವರಿಳಿಸುವುದು ಡೇಟಾ.

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಸಾಲುಗಳಲ್ಲಿ ಟೇಬಲ್, ಕಾಲಂಗಳಲ್ಲಿ ಮಾಡ್ಯೂಲ್. ಬರೆಯುವ ಜಾಗದಲ್ಲಿ ‘ಬ’, ಓದುವ ಜಾಗದಲ್ಲಿ ‘ಓ’ ಅಂತ ತುಂಬುತ್ತಾ ಹೋಗಿ. ಒಆರ್‌ಎಂ ಮಾಡೆಲ್ (ಟೇಬಲ್ ಅನ್ನು ಕೋಡ್‌ನಲ್ಲಿ ಪ್ರತಿನಿಧಿಸುವ ಕ್ಲಾಸ್) ಎಲ್ಲೆಲ್ಲಿ ಇಂಪೋರ್ಟ್ ಆಗಿದೆ ಅನ್ನೋದರಿಂದ ಶುರು ಮಾಡಿ, ಆಮೇಲೆ ಟೇಬಲ್ ಹೆಸರುಗಳನ್ನು ಇಡೀ ರೆಪೊದಲ್ಲಿ ಹುಡುಕಿ. ಸ್ಟೋರ್ಡ್ ಪ್ರೊಸೀಜರ್, ಟ್ರಿಗರ್‌ಗಳು ರೆಪೊದಲ್ಲಿ ಇಲ್ಲದೆ ಡೇಟಾಬೇಸ್‌ನಲ್ಲಿ ಮಾತ್ರ ಇರಬಹುದು, ಅವನ್ನೂ ತೆಗೆದು ಓದಿ.

ಹುಡುಕಿದ್ದು ಸರಿಯಾ ಅಂತ ಓಡುವ ಸಿಸ್ಟಮ್‌ನಲ್ಲೂ ತಾಳೆ ನೋಡಬೇಕು. ಪೋಸ್ಟ್‌ಗ್ರೆಸ್ ಬಳಸುತ್ತಿದ್ದರೆ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಶನ್ ಯಾವ ಕ್ವೆರಿ ಎಷ್ಟು ಸಲ ಓಡಿತು ಅಂತ ಇಟ್ಟುಕೊಳ್ಳುತ್ತದೆ. ಆ ಲೆಕ್ಕ ಡೇಟಾಬೇಸ್ ಯೂಸರ್ ಪ್ರಕಾರ ಬೇರೆಬೇರೆಯಾಗಿರುತ್ತದೆ. ಹಾಗಾಗಿ ಒಂದೊಂದು ಮಾಡ್ಯೂಲ್‌ಗೂ ಬೇರೆ ಯೂಸರ್ ಹೆಸರಿನಲ್ಲಿ ಕನೆಕ್ಷನ್ ಕೊಟ್ಟರೆ, ಯಾರು ಯಾವ ಟೇಬಲ್ ಮುಟ್ಟುತ್ತಾರೆ ಅನ್ನೋದು ತಾನಾಗಿ ಎದುರಿಗೆ ಬರುತ್ತದೆ. ಅಷ್ಟು ಮಾಡಲಾಗದಿದ್ದರೆ ಪ್ರತಿ ಕ್ವೆರಿಯ ಜೊತೆ ಮಾಡ್ಯೂಲ್ ಹೆಸರನ್ನು ಕಾಮೆಂಟ್ ಆಗಿ ಸೇರಿಸಿ, ಲಾಗ್‌ನಲ್ಲಿ ಸಿಗುತ್ತದೆ.

ಈಗ ನಮ್ಮ ಅಪ್ಲಿಕೇಶನ್‌ನ ಬುಕಿಂಗ್ಸ್ ಟೇಬಲ್ ಒಂದನ್ನೇ ಹತ್ತಿರದಿಂದ ನೋಡೋಣ. ಆ ಸಾಲಿನಲ್ಲಿ ನಾಲ್ಕು ‘ಬ’ ಇವೆ. ಬುಕಿಂಗ್ ಮಾಡ್ಯೂಲ್ ಹೊಸ ಸಾಲು ಸೇರಿಸುತ್ತದೆ. ಪಾವತಿ ಮಾಡ್ಯೂಲ್ ಸ್ಟೇಟಸ್ ಕಾಲಂನಲ್ಲಿ ‘ಪಾವತಿಯಾಗಿದೆ’ ಅಂತ ಬರೆಯುತ್ತದೆ. ರೀಫಂಡ್ ಅದೇ ಕಾಲಂನಲ್ಲಿ ‘ರದ್ದಾಗಿದೆ’ ಅಂತ ಬರೆಯುತ್ತದೆ. ಇಲ್ಲಿಯವರೆಗೆ ಎಲ್ಲರೂ ಊಹಿಸಬಹುದು. ನಾಲ್ಕನೆಯದು ವರದಿ ಮಾಡ್ಯೂಲ್! ವರದಿ ಯಾಕೆ ಬರೆಯಬೇಕು? ತೆರೆದು ನೋಡಿದರೆ ರಾತ್ರಿ ಓಡುವ ಕ್ರಾನ್ ಜಾಬ್ ಒಂದಿದೆ. ಪಾವತಿಯಾಗದೆ ಉಳಿದ ಹಳೆಯ ಬುಕಿಂಗ್‌ಗಳಿಂದ ವರದಿಯ ಲೆಕ್ಕ ತಪ್ಪುತ್ತಿತ್ತು, ಅದಕ್ಕೆ ಯಾರೋ ಅಲ್ಲೇ ಅವನ್ನು ‘ಅವಧಿ ಮುಗಿದಿದೆ’ ಅಂತ ಬದಲಿಸಿಬಿಟ್ಟಿದ್ದಾರೆ. ವರದಿಯನ್ನು ಸುಮ್ನೆ ಓದುವ ಭಾಗ ಅಂದುಕೊಂಡು ಹೊರಗೆ ಕಳಿಸಿದ್ದರೆ ಆ ರಾತ್ರಿಯಿಂದ ಹಳೆಯ ಬುಕಿಂಗ್‌ಗಳು ಸೀಟ್ ಹಿಡಿದುಕೊಂಡೇ ಕೂರುತ್ತಿದ್ದವು.

ಇದಕ್ಕೆ ಪರಿಹಾರ ಸಣ್ಣದು. ಬುಕಿಂಗ್ ಮಾಡ್ಯೂಲ್‌ನಲ್ಲಿ ‘ಅವಧಿ ಮುಗಿಸು’ ಅನ್ನುವ ಫಂಕ್ಷನ್ ಬರೆದು, ಕ್ರಾನ್ ಜಾಬ್ ಅದನ್ನು ಕರೆಯುವ ಹಾಗೆ ಮಾಡಿ. ಪಾವತಿ, ರೀಫಂಡ್‌ಗೂ ಇದೇ ದಾರಿ. ಒಂದು ಟೇಬಲ್‌ಗೆ ಒಂದೇ ‘ಬ’ ಉಳಿಯಬೇಕು, ಅದೇ ಗುರಿ. ಇದನ್ನು ಮೋನೊಲಿತ್ ಒಳಗೇ, ಇವತ್ತೇ ಮಾಡಬಹುದು. ಮುಂದೆ ಸರ್ವೀಸ್ ಆಗದೇ ಹೋದರೂ ಈ ಕೆಲಸ ವ್ಯರ್ಥವಾಗುವುದಿಲ್ಲ.

ಕಾಲಂ ಮಟ್ಟಕ್ಕೂ ಇಳಿದು ನೋಡಿ. ಅದೇ ಟೇಬಲ್‌ನಲ್ಲಿ ರೀಫಂಡ್ ಕಾರಣ, ರೀಫಂಡ್ ಮೊತ್ತ, ರೀಫಂಡ್ ದಿನಾಂಕ ಅಂತ ಮೂರು ಕಾಲಂಗಳಿದ್ದು, ಅವನ್ನು ರೀಫಂಡ್ ಮಾಡ್ಯೂಲ್ ಬಿಟ್ಟು ಬೇರೆ ಯಾರೂ ಮುಟ್ಟದಿದ್ದರೆ ಅಲ್ಲಿ ಇನ್ನೊಂದು ಟೇಬಲ್ ಅಡಗಿದೆ ಅಂತ ಲೆಕ್ಕ. ಎರಿಕ್ ಇವಾನ್ಸ್ 2003ರಲ್ಲಿ ವಿವರಿಸಿದ ಬೌಂಡೆಡ್ ಕಾಂಟೆಕ್ಸ್ಟ್ (ಒಂದು ಮಾದರಿಯ ಪದಗಳಿಗೂ ನಿಯಮಗಳಿಗೂ ಒಂದೇ ಅರ್ಥ ಇರುವ ಗಡಿ) ಅನ್ನುವ ಕಲ್ಪನೆ ಓದಿದಾಗ ಅಮೂರ್ತ ಅನ್ನಿಸಬಹುದು. ಕಾಲಂಗಳನ್ನು ಹೀಗೆ ಗುಂಪು ಮಾಡಿ ನೋಡಿದರೆ ಅದು ಕಣ್ಣೆದುರೇ ಕಾಣುತ್ತದೆ.

ಇನ್ನು ಟ್ರಾನ್ಸಾಕ್ಷನ್‌ಗಳು. ಕೋಡ್‌ನಲ್ಲಿ ಟ್ರಾನ್ಸಾಕ್ಷನ್ ಶುರುವಾಗುವ ಜಾಗಗಳನ್ನೆಲ್ಲ ಹುಡುಕಿ, ಒಂದೊಂದರೊಳಗೆ ಯಾವ ಯಾವ ಟೇಬಲ್‌ಗೆ ಬರೆಯಲಾಗುತ್ತದೆ ಅಂತ ಗುರುತು ಮಾಡಿ. ಸೀಟ್ ಹಿಡಿಯುವುದು, ಬುಕಿಂಗ್ ಸೇರಿಸುವುದು, ಪಾವತಿ ದಾಖಲೆ ಬರೆಯುವುದು ಮೂರೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿವೆ ಅಂದುಕೊಳ್ಳಿ. ಇವನ್ನು ಎರಡು ಸರ್ವೀಸ್‌ಗೆ ಹಂಚಿದರೆ ‘ಎಲ್ಲ ಆಗಲಿ, ಇಲ್ಲವೇ ಏನೂ ಆಗದಿರಲಿ’ ಅನ್ನುವ ಭರವಸೆ ಹೋಗುತ್ತದೆ. ಅದರ ಬದಲು ಸಾಗಾ ಬೇಕು. ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲೇ ಮುಂದಿಟ್ಟ ಉಪಾಯ ಅದು: ದೊಡ್ಡ ಟ್ರಾನ್ಸಾಕ್ಷನ್ ಅನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ನಡುವೆ ಒಂದು ಕೆಟ್ಟರೆ ಹಿಂದಿನವನ್ನು ಸರಿಪಡಿಸುವ ಹೆಜ್ಜೆ ಓಡಿಸುವುದು. ಹಣ ಬರಲಿಲ್ಲ ಅಂದರೆ ಸೀಟ್ ಬಿಡುಗಡೆ ಮಾಡು, ಹೀಗೆ. ಉಪಾಯ ಚೆನ್ನಾಗಿದೆ, ಆದರೆ ನಡುವಿನ ಅರೆಬರೆ ಸ್ಥಿತಿ ಕೆಲವು ಕ್ಷಣ ಎಲ್ಲರಿಗೂ ಕಾಣುತ್ತದೆ. ಅದನ್ನು ವ್ಯವಹಾರ ನಡೆಸುವವರು ಒಪ್ಪುತ್ತಾರಾ ಅಂತ ಅವರನ್ನೇ ಕೇಳಿ. ಒಪ್ಪದಿದ್ದರೆ ಆ ಮೂರು ಟೇಬಲ್‌ಗಳು ಒಂದೇ ಕಡೆ ಇರಬೇಕು, ಚರ್ಚೆ ಮುಗಿಯಿತು.

ಫಾರಿನ್ ಕೀಗಳ (ಒಂದು ಟೇಬಲ್ ಇನ್ನೊಂದನ್ನು ತೋರಿಸುವ ಕೊಂಡಿಗಳ) ಪಟ್ಟಿಯನ್ನು ಇನ್ಫಾರ್ಮೇಶನ್ ಸ್ಕೀಮಾದಿಂದ ಒಂದೇ ಕ್ವೆರಿಯಲ್ಲಿ ತೆಗೆಯಬಹುದು. ಎರಡು ಮಾಡ್ಯೂಲ್‌ಗಳ ನಡುವೆ ದಾಟುವವನ್ನು ಮಾತ್ರ ಉಳಿಸಿಕೊಳ್ಳಿ. ದಾಟುವ ಜಾಯಿನ್‌ಗಳನ್ನೂ (ಟೇಬಲ್‌ಗಳನ್ನು ಜೋಡಿಸಿ ಓದುವ ಕ್ವೆರಿಗಳು) ಅದರ ಪಕ್ಕದಲ್ಲೇ ಬರೆಯಿರಿ.

ಗಿಟ್ ಇತಿಹಾಸ ಕೇಳಿ

ಕೋಡ್ ಇವತ್ತು ಹೇಗಿದೆ ಅನ್ನೋದು ಒಂದು ಮಾತು, ಹೇಗೆ ಬದಲಾಗುತ್ತಾ ಬಂದಿದೆ ಅನ್ನೋದು ಇನ್ನೊಂದು. ಗಿಟ್ ಲಾಗ್‌ಗೆ ನೇಮ್-ಓನ್ಲಿ ಆಯ್ಕೆ ಕೊಟ್ಟು ಹಿಂದಿನ 12 ತಿಂಗಳ ಕಮಿಟ್‌ಗಳನ್ನು ತೆಗೆದರೆ, ಪ್ರತಿ ಕಮಿಟ್‌ನಲ್ಲಿ ಯಾವ ಫೈಲ್‌ಗಳು ಬದಲಾದವು ಅಂತ ಸಿಗುತ್ತದೆ. ಎರಡು ಫೈಲ್ ಎಷ್ಟು ಸಲ ಒಟ್ಟಿಗೆ ಬಂದಿವೆ ಅಂತ ಎಣಿಸುವ ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ಬರೆಯುವ ಪುರುಸೊತ್ತಿಲ್ಲದಿದ್ದರೆ ಆಡಮ್ ಟಾರ್ನ್‌ಹಿಲ್ ಅವರ ಕೋಡ್ ಮಾಟ್ ಇದೇ ಕೆಲಸ ಮಾಡುತ್ತದೆ.

ಎಣಿಸುವ ಮೊದಲು ಕಸ ಗುಡಿಸಬೇಕು. ಇಡೀ ರೆಪೊ ಫಾರ್ಮ್ಯಾಟ್ ಮಾಡಿದ ಕಮಿಟ್, ಲಾಕ್ ಫೈಲ್‌ಗಳು, ತಾನಾಗಿ ಹುಟ್ಟಿದ ಕೋಡ್, ಮೂವತ್ತಕ್ಕಿಂತ ಹೆಚ್ಚು ಫೈಲ್ ಮುಟ್ಟಿದ ಕಮಿಟ್‌ಗಳನ್ನು ಬಿಟ್ಟುಬಿಡಿ. ಒಂದೇ ಕೆಲಸವನ್ನು ಐದು ಕಮಿಟ್ ಆಗಿ ಹಾಕುವ ಅಭ್ಯಾಸ ಟೀಮ್‌ಗೆ ಇದ್ದರೆ, ಕಮಿಟ್ ಸಂದೇಶದಲ್ಲಿರುವ ಟಿಕೆಟ್ ನಂಬರ್ ಪ್ರಕಾರ ಗುಂಪು ಮಾಡಿ ಎಣಿಸಿ. ರೆಪೊ ಶ್ಯಾಲೋ ಕ್ಲೋನ್ (ಇತ್ತೀಚಿನ ಕಮಿಟ್‌ಗಳನ್ನು ಮಾತ್ರ ಇಳಿಸಿಕೊಂಡ ಪ್ರತಿ) ಆಗಿದ್ದರೆ ಹಳೆಯ ಇತಿಹಾಸ ಇರುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ.

ಲೆಕ್ಕ ಹೀಗೆ. ದರ ಲೆಕ್ಕದ ಫೈಲ್ 40 ಕಮಿಟ್‌ಗಳಲ್ಲಿ ಬದಲಾಗಿದೆ. ಮಾರ್ಕೆಟಿಂಗ್ ಫೋಲ್ಡರ್‌ನಲ್ಲಿರುವ ಕೂಪನ್ ಫೈಲ್ 30ರಲ್ಲಿ ಬದಲಾಗಿದೆ. ಎರಡೂ ಒಟ್ಟಿಗೆ ಬದಲಾಗಿದ್ದು 24 ಸಲ. 24ನ್ನು 30ರಿಂದ ಭಾಗಿಸಿದರೆ ಶೇ 80. ಅಂದರೆ ಕೂಪನ್ ಮುಟ್ಟಿದ ಐದು ಸಲದಲ್ಲಿ ನಾಲ್ಕು ಸಲ ದರವನ್ನೂ ಮುಟ್ಟಬೇಕಾಯಿತು. ಕೂಪನ್ ಯಾವ ಫೋಲ್ಡರ್‌ನಲ್ಲಿದ್ದರೂ ಅದರ ಜಾಗ ದರದ ಜೊತೆಗೇ. ಬೇರೆ ಸರ್ವೀಸ್ ಮಾಡಿದರೆ ಪ್ರತಿ ಬದಲಾವಣೆಗೂ ಎರಡು ಡಿಪ್ಲಾಯ್, ಎರಡು ರಿವ್ಯೂ, ಮೇಲೆ ವರ್ಷನ್ ಹೊಂದಾಣಿಕೆಯ ತಲೆನೋವು.

ಇದೇ ಲೆಕ್ಕ ಎಲ್ಲರ ಮೆಚ್ಚಿನ ನೋಟಿಫಿಕೇಶನ್ ಭಾಗದ ಮೇಲೆ ಓಡಿಸಿ ನೋಡಿ. ಹೊರಗೆ ತೆಗೆಯಲು ಸುಲಭ ಅಂತ ಎಲ್ಲರೂ ಮೊದಲು ಬೆರಳು ತೋರಿಸುವುದು ಇದನ್ನೇ ಅಲ್ವಾ? ಆದರೆ ಬುಕಿಂಗ್‌ಗೆ ಹೊಸ ಫೀಲ್ಡ್ ಬಂದಾಗೆಲ್ಲ ಎಸ್‌ಎಂಎಸ್ ಟೆಂಪ್ಲೇಟ್‌ಗಳೂ ಬದಲಾಗಿರುವುದು ಕಾಣಬಹುದು. ಅದೇ ಮಾಡ್ಯೂಲ್‌ನಲ್ಲಿರುವ ಕಳಿಸುವ ಕೋಡ್, ಅಂದರೆ ಗೇಟ್‌ವೇ ಜೊತೆ ಮಾತಾಡುವುದು, ಸೋತರೆ ಮತ್ತೆ ಪ್ರಯತ್ನಿಸುವುದು, ಇವು ಬುಕಿಂಗ್ ಜೊತೆ ಬದಲಾಗಿಯೇ ಇರುವುದಿಲ್ಲ. ಗೆರೆ ಬೀಳಬೇಕಾದ್ದು ಅಲ್ಲಿ. ಏನು ಹೇಳಬೇಕು ಅನ್ನೋದು ಬುಕಿಂಗ್ ಹತ್ತಿರ ಉಳಿಯಲಿ, ಹೇಗೆ ತಲುಪಿಸಬೇಕು ಅನ್ನೋದು ಹೊರಗೆ ಹೋಗಲಿ. ಮಾಡ್ಯೂಲ್ ಹೆಸರನ್ನು ನೋಡಿ ಇಡಿಯಾಗಿ ಎತ್ತಿದ್ದರೆ ಈ ಗೆರೆ ಸಿಗುತ್ತಿರಲಿಲ್ಲ.

ಕಮಿಟ್ ಮಾಡಿದವರ ಹೆಸರನ್ನೂ ಗಮನಿಸಿ. ಒಂದು ಭಾಗಕ್ಕೆ ಮೂರು ಟೀಮ್‌ಗಳು ಸಮಸಮವಾಗಿ ಕೈ ಹಾಕುತ್ತಿದ್ದರೆ ಆ ಸರ್ವೀಸ್‌ಗೆ ನಾಳೆ ಮೂವರು ಯಜಮಾನರು. ಸಂಸ್ಥೆಯ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರ ಸಿಸ್ಟಮ್ ಕೂಡ ಅದೇ ಆಕಾರ ಪಡೆಯುತ್ತದೆ ಅಂತ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದದ್ದು ಇಲ್ಲಿ ಅಕ್ಷರಶಃ ಎಣಿಕೆಗೆ ಸಿಗುತ್ತದೆ.

ಓಡುವಾಗ ಎಷ್ಟು ಮಾತುಕತೆ

ಒಂದೇ ಪ್ರೊಸೆಸ್‌ನೊಳಗೆ ಫಂಕ್ಷನ್ ಕರೆಯುವುದಕ್ಕೆ ಮೈಕ್ರೋಸೆಕೆಂಡ್‌ಗೂ ಕಡಿಮೆ ಸಾಕು. ಅದನ್ನೇ ನೆಟ್‌ವರ್ಕ್ ಮೇಲೆ ಮಾಡಿದರೆ, ಒಂದೇ ಡೇಟಾ ಸೆಂಟರ್‌ನೊಳಗಾದರೂ, ಮಿಲಿಸೆಕೆಂಡ್‌ನ ಲೆಕ್ಕಕ್ಕೆ ಬರುತ್ತದೆ. ಹುಡುಕಾಟದ ಫಲಿತಾಂಶದಲ್ಲಿ 50 ಪ್ರಯಾಣಗಳಿದ್ದು, ಲೂಪ್‌ನಲ್ಲಿ ಒಂದೊಂದಕ್ಕೂ ದರದ ಫಂಕ್ಷನ್ ಕರೆಯುತ್ತಿದ್ದರೆ ಇವತ್ತು ಯಾರಿಗೂ ಗೊತ್ತಾಗುವುದಿಲ್ಲ. ದರ ಹೊರಗೆ ಹೋದ ದಿನ ಅದು 50 ನೆಟ್‌ವರ್ಕ್ ಕರೆ. ಓಡುವ ಕೋಡ್‌ನ ಜಾಡು ದಾಖಲಿಸುವ ಓಪನ್‌ಟೆಲಿಮೆಟ್ರಿ ಹಾಕಿ, ಮಾಡ್ಯೂಲ್ ಗಡಿ ದಾಟುವ ಜಾಗದಲ್ಲಿ ಸ್ಪ್ಯಾನ್ (ಒಂದು ಕೆಲಸದ ಶುರು-ಕೊನೆಯ ಗುರುತು) ಇಟ್ಟು, ಒಂದು ರಿಕ್ವೆಸ್ಟ್‌ಗೆ ಎಷ್ಟು ದಾಟು ಅಂತ ಎಣಿಸಿ. ಐವತ್ತನ್ನೂ ಒಂದೇ ಸಲ ಕೇಳುವ ಫಂಕ್ಷನ್ ಮೊದಲು ಬರೆಯಿರಿ.

ದಾಟುವ ಡೇಟಾದ ಗಾತ್ರವೂ ಮುಖ್ಯ. ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ, ಆಡಿಯೊ-ವಿಡಿಯೊ ಗುಣಮಟ್ಟ ನೋಡುವ ತನ್ನ ಸಿಸ್ಟಮ್‌ನ ಬಿಡಿ ಭಾಗಗಳನ್ನು ಮತ್ತೆ ಒಂದೇ ಪ್ರೊಸೆಸ್‌ಗೆ ತಂದ ಕತೆಯನ್ನು 2023ರಲ್ಲಿ ಹಂಚಿಕೊಂಡಿತ್ತು. ಮೂಲಸೌಕರ್ಯದ ಖರ್ಚು ಶೇ 90ಕ್ಕೂ ಹೆಚ್ಚು ಇಳಿಯಿತು ಅಂತ ಅದರಲ್ಲಿದೆ. ವಿಡಿಯೊ ಫ್ರೇಮ್‌ಗಳನ್ನು ಒಂದು ಭಾಗದಿಂದ ಇನ್ನೊಂದಕ್ಕೆ ಸ್ಟೋರೇಜ್ ಮೂಲಕ ಸಾಗಿಸುವುದು ಮತ್ತು ಹೆಜ್ಜೆ ಹೆಜ್ಜೆಗೂ ನಡೆಯುವ ಸಮನ್ವಯ, ಈ ಎರಡೇ ಅಲ್ಲಿ ದುಬಾರಿಯಾಗಿದ್ದವು.

ಈಗ ಅಭ್ಯರ್ಥಿಗಳನ್ನು ಪಕ್ಕಪಕ್ಕ ಇಡಿ

ಅಂಕ ಕೊಟ್ಟು ಕೂಡಿಸುವ ಪದ್ಧತಿ ನನಗೆ ಇಷ್ಟವಿಲ್ಲ. ಐದು ಕಡೆ ಒಳ್ಳೆಯ ಅಂಕ ಬಂದು, ಟ್ರಾನ್ಸಾಕ್ಷನ್ ಒಂದರಲ್ಲಿ ಸೊನ್ನೆ ಬಂದರೂ ಮೊತ್ತ ಚೆನ್ನಾಗಿಯೇ ಕಾಣುತ್ತದೆ. ಅದರ ಬದಲು ಒಂದೊಂದು ಅಭ್ಯರ್ಥಿಗೂ ಅರ್ಧ ಪುಟ ಬರೆಯಿರಿ: ಹಾಳೆಯಲ್ಲಿದ್ದ ಯಾವ ತೊಂದರೆಗೆ ಇದು ಉತ್ತರ, ಯಾವ ಟೇಬಲ್‌ಗಳು ಇದರ ಸ್ವಂತ, ಯಾವ ಟ್ರಾನ್ಸಾಕ್ಷನ್ ಮುರಿಯುತ್ತದೆ, ಯಾವುದರ ಜೊತೆ ಬದಲಾಗುತ್ತದೆ, ಯಜಮಾನರು ಯಾರು.

ನಮ್ಮ ಅಪ್ಲಿಕೇಶನ್‌ನಲ್ಲಿ ಬರೆದರೆ ಹೀಗೆ ಬರುತ್ತದೆ. ಸಂದೇಶ ತಲುಪಿಸುವ ಕೋಡ್‌ಗೆ ಸ್ವಂತ ಟೇಬಲ್ ಒಂದೇ, ತಡವಾದರೂ ನಡೆಯುತ್ತದೆ, ಟ್ರಾನ್ಸಾಕ್ಷನ್ ಮುರಿಯುವುದಿಲ್ಲ. ಇದು ಮೊದಲು ಹೊರಡಲಿ. ಲಾಭ ಸಣ್ಣದೇ, ಆದರೆ ಡಿಪ್ಲಾಯ್, ಲಾಗ್, ಅಲರ್ಟ್ ಎಲ್ಲವನ್ನೂ ಕಡಿಮೆ ಅಪಾಯದಲ್ಲಿ ಪಳಗಿಸಿಕೊಳ್ಳಬಹುದು. ದರ ಮತ್ತು ಕೂಪನ್ ಒಟ್ಟಾಗಿ ಎರಡನೆಯದು. ಹುಡುಕಾಟದ ಲೋಡ್ ಎಲ್ಲ ಬೀಳುವುದು ಅಲ್ಲೇ, ಹಾಗಾಗಿ ನಿಜವಾದ ಲಾಭ ಇದರಿಂದ. ಬುಕಿಂಗ್, ಪಾವತಿ, ರೀಫಂಡ್ ಜೊತೆಗೇ ಇರಲಿ. ವರದಿಗೆ ಸರ್ವೀಸ್ ಬೇಡ, ಓದಲು ಮಾತ್ರ ಇರುವ ಡೇಟಾಬೇಸ್ ಪ್ರತಿ ಕೊಟ್ಟರೆ ಬುಕಿಂಗ್‌ಗೆ ಆಗುತ್ತಿದ್ದ ಕಾಟ ತಪ್ಪುತ್ತದೆ.

ಇಷ್ಟು ದೊಡ್ಡ ಕೋಡ್‌ಬೇಸ್ ಜಾಲಾಡಿ ಸಿಕ್ಕಿದ್ದು ಎರಡೇನಾ ಅನ್ನಿಸಬಹುದು. ಎರಡು ಸಿಕ್ಕರೆ ಒಳ್ಳೆಯ ಫಲಿತಾಂಶವೇ.

ಹೊರಗೆ ಕಳಿಸುವ ಮೊದಲು ಒಳಗೇ ಬೇರೆ ಮಾಡಿ

ಆಯ್ದ ಭಾಗಕ್ಕೆ ಒಂದು ಬಾಗಿಲು ಕೊಡಿ, ಉಳಿದವರು ಅದರ ಮೂಲಕ ಮಾತ್ರ ಬರಬೇಕು ಅಂತ ನಿಯಮ ಮಾಡಿ. ನಿಯಮವನ್ನು ಬಾಯಿಮಾತಿಗೆ ಬಿಡದೆ ಬಿಲ್ಡ್‌ನಲ್ಲೇ ಪರೀಕ್ಷಿಸಿ: ಜಾವಾದಲ್ಲಿ ಆರ್ಕ್‌ಯುನಿಟ್, ಪೈಥಾನ್‌ನಲ್ಲಿ ಇಂಪೋರ್ಟ್-ಲಿಂಟರ್, ರೂಬಿಯಲ್ಲಿ ಶಾಪಿಫೈ ಬಿಡುಗಡೆ ಮಾಡಿದ ಪ್ಯಾಕ್‌ವರ್ಕ್. ಈಗಾಗಲೇ ಇರುವ ಉಲ್ಲಂಘನೆಗಳನ್ನು ಪಟ್ಟಿಗೆ ಹಾಕಿ, ಹೊಸದನ್ನು ಮಾತ್ರ ತಡೆಯುವ ಸೌಲಭ್ಯ ಆರ್ಕ್‌ಯುನಿಟ್‌ನಲ್ಲೂ ಪ್ಯಾಕ್‌ವರ್ಕ್‌ನಲ್ಲೂ ಇದೆ. ಹಳೆಯ ಕೋಡ್‌ಬೇಸ್‌ಗೆ ಇದಿಲ್ಲದೆ ಆಗುವುದಿಲ್ಲ, ಯಾಕೆಂದರೆ ಮೊದಲ ದಿನವೇ ನೂರಾರು ತಪ್ಪು ತೋರಿಸಿದರೆ ಟೀಮ್ ಆ ಪರೀಕ್ಷೆಯನ್ನೇ ಆಫ್ ಮಾಡಿಬಿಡುತ್ತದೆ.

ಟೇಬಲ್‌ಗಳನ್ನು ಬೇರೆ ಸ್ಕೀಮಾಗೆ ಸರಿಸಿ, ಬೇರೆ ಮಾಡ್ಯೂಲ್‌ಗಳ ಡೇಟಾಬೇಸ್ ಯೂಸರ್‌ಗೆ ಅಲ್ಲಿ ಅನುಮತಿ ತೆಗೆಯಿರಿ. ಮೊದಲು ಟೆಸ್ಟ್ ಪರಿಸರದಲ್ಲಿ. ಕಣ್ತಪ್ಪಿಸಿಕೊಂಡಿದ್ದ ಜಾಯಿನ್‌ಗಳೆಲ್ಲ ಎರರ್ ಆಗಿ ಎದುರಿಗೆ ಬಂದು ನಿಲ್ಲುತ್ತವೆ.

ಉಲ್ಲಂಘನೆಗಳ ಪಟ್ಟಿ ಖಾಲಿಯಾಗಿ, ಎರಡು ಮೂರು ರಿಲೀಸ್ ಹಾಗೇ ಉಳಿದರೆ ಆ ಬಾಗಿಲಿನ ಹಿಂದೆ ನೆಟ್‌ವರ್ಕ್ ಇಡಬಹುದು. ಆಮೇಲೆ ಮಾರ್ಟಿನ್ ಫೌಲರ್ 2004ರಲ್ಲಿ ವಿವರಿಸಿದ ಸ್ಟ್ರ್ಯಾಂಗ್ಲರ್ ಫಿಗ್ ಕ್ರಮ: ಸ್ವಲ್ಪ ಟ್ರಾಫಿಕ್ ಹೊಸ ಸರ್ವೀಸ್‌ಗೆ, ಉಳಿದದ್ದು ಹಳೆಯದಕ್ಕೆ, ಉತ್ತರಗಳನ್ನು ತಾಳೆ ನೋಡುತ್ತಾ ಪಾಲು ಹೆಚ್ಚಿಸುತ್ತಾ ಹೋಗಿ. ದರದಂಥ ಲೆಕ್ಕದ ಭಾಗಕ್ಕೆ ಇನ್ನೂ ಸುಲಭ. ಎರಡೂ ಕಡೆ ಕೇಳಿ, ಗ್ರಾಹಕರಿಗೆ ಹಳೆಯ ಉತ್ತರ ಕೊಟ್ಟು, ವ್ಯತ್ಯಾಸ ಬಂದದ್ದನ್ನು ಲಾಗ್ ಮಾಡಿ. ಹಳೆಯ ಕೋಡ್ ಅಳಿಸುವ ಕೆಲಸಕ್ಕೂ ಅದೇ ದಿನ ಟಿಕೆಟ್ ತೆರೆದು, ಒಬ್ಬರ ಹೆಸರಿಗೆ ಹಾಕಿಡಿ. ಅದು ಉಳಿದುಬಿಟ್ಟರೆ ದರ ಬದಲಾದಾಗೆಲ್ಲ ಎರಡು ಕಡೆ ತಿದ್ದಬೇಕಾಗುತ್ತದೆ.